ಸ್ಟಾಕ್ ರೇಸ್ ಕಾರಿನ ಗಾಳಿ ಕೆಲಸ: ಆಗಸ್ಟ್‌ನಿಂದ ಮಾರ್ಚ್‌ವರೆಗೆ

ಚಿಕ್ಕಮಗಳೂರು ರ‍್ಯಾಲಿಯ ಊರು. ಇಲ್ಲಿ ಕಾರು ಸಿದ್ಧ ಮಾಡುವುದು ಅಂದರೆ ಇಂಜಿನ್ನಿನ ತಳ ಕಾಯುವ ಸಂಪ್ ಗಾರ್ಡ್, ಗಟ್ಟಿ ಶಾಕ್ ಅಬ್ಸಾರ್ಬರ್, ಕಲ್ಲು ಮಣ್ಣಿಗೆ ಜಗ್ಗದ ಟೈರು. ತೋಟದ ರಸ್ತೆಯಲ್ಲಿ ಗಾಳಿಯ ಲೆಕ್ಕ ಯಾರೂ ಹಾಕುವುದಿಲ್ಲ, ಹಾಕಬೇಕಾಗಿಯೂ ಇಲ್ಲ. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 140 ಕಿ.ಮೀ.ನಲ್ಲಿ ಇರುವ ತಡೆಯ ಐದನೇ ಒಂದು ಪಾಲೂ 60ರಲ್ಲಿ ಇರುವುದಿಲ್ಲ. ಅದೇ ಕಾರನ್ನು ಡಾಂಬರು ಟ್ರ್ಯಾಕಿಗೆ ಇಳಿಸಿದಾಗ ಮಾತ್ರ ಮೂತಿ ಹಗುರವಾಗುವುದು, ನೇರದಲ್ಲಿ ಇಂಜಿನ್ ಏದುಸಿರು ಬಿಡುವುದು ಗೊತ್ತಾಗುತ್ತದೆ.

ಕಾರು ಮಾರುತಿ ಎಸ್ಟೀಮ್. 1298 ಸಿಸಿ, 85 ಅಶ್ವಶಕ್ತಿ. ಒಳಗಿನ ಸೀಟು, ಹೊದಿಕೆ ಎಲ್ಲ ಬಿಚ್ಚಿ, ಕಾರು ಮಗುಚಿದರೆ ಚಾಲಕರನ್ನು ಕಾಯುವ ಕಬ್ಬಿಣದ ಚೌಕಟ್ಟು, ರೋಲ್ ಕೇಜ್, ಕೂರಿಸಿದ್ದು. ಚಾಲಕ, ಪೆಟ್ರೋಲು ಸೇರಿ 980 ಕೆಜಿ. ಗುರಿ ಇದ್ದದ್ದು ಮಾರ್ಚ್‌ನಲ್ಲಿ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಕೈಕೆಲಸಕ್ಕೆ ಹೋದದ್ದು ಐದಾರು ವಾರ ಅಷ್ಟೇ. ಉಳಿದದ್ದು ಕಾಯುವುದಕ್ಕೆ, ಅಳೆಯುವುದಕ್ಕೆ, ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡುವುದಕ್ಕೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಅಷ್ಟು ಅಲೆದಾಟ ಬೇಡ ಎಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇವೆ.

ಮೊದಲು ನಿಯಮ, ಆಮೇಲೆ ಸ್ಪ್ಯಾನರ್

ಆಗಸ್ಟ್‌ನ ಮಳೆಯಲ್ಲಿ ಹೊರಗೆ ಏನೂ ಮಾಡುವ ಹಾಗಿರಲಿಲ್ಲ. ಒಂದು ಲೆಕ್ಕಕ್ಕೆ ಅದೇ ಒಳ್ಳೆಯದಾಯಿತು. ನಿಯಮಾವಳಿಯನ್ನು ಮುದ್ರಿಸಿಕೊಂಡು ಸಾಲು ಸಾಲಾಗಿ ಓದಿದೆವು. ಸ್ಟಾಕ್ ವರ್ಗದ, ಅಂದರೆ ಕಾರ್ಖಾನೆಯ ಆಕಾರದಲ್ಲೇ ಓಡಬೇಕಾದ ಕಾರುಗಳ, ನಿಯಮ ಓದುವಾಗ ಒಂದು ಸೂತ್ರ ನೆನಪಿರಲಿ: ಮಾಡಬಹುದು ಎಂದು ಬರೆದಿಲ್ಲದ್ದನ್ನು ಮಾಡುವಂತಿಲ್ಲ. ಬೇಡ ಎಂದು ಎಲ್ಲಿಯೂ ಬರೆದಿಲ್ಲವಲ್ಲ ಎಂಬ ವಾದ ತಪಾಸಣೆಯ ದಿನ ನಿಲ್ಲುವುದಿಲ್ಲ. ನಾವು ಹೆಸರು ಕೊಟ್ಟಿದ್ದ ವರ್ಗದಲ್ಲಿ ಮೇಲಿನಿಂದ ನೋಡಿದರೆ ಬಂಪರಿನ ಗೆರೆಯಿಂದ ಏನೂ ಹೊರಗೆ ಚಾಚುವಂತಿರಲಿಲ್ಲ, ಬಾಡಿಯ ಆಕಾರ ಬದಲಿಸುವಂತಿರಲಿಲ್ಲ, ಡಿಕ್ಕಿಯ ಅಂಚಿಗೆ ಪಟ್ಟಿ ಕೂರಿಸಬಹುದಿತ್ತು. ಕಾರಿನ ತಳದ ಬಗ್ಗೆ ಮಾತು ಸ್ಪಷ್ಟವಿರಲಿಲ್ಲ. ಫೋನಿನಲ್ಲಿ ಕೇಳದೆ ಇಮೇಲ್ ಬರೆದೆವು. ಉತ್ತರಕ್ಕೆ 19 ದಿನ ಕಾದೆವು. ತಳಕ್ಕೆ ಚಪ್ಪಟೆ ಹಾಳೆ ಹಾಕಬಹುದು ಎಂದು ಬಂದ ಆ ಉತ್ತರದ ಪ್ರತಿ ಮುಂದೆ ತಪಾಸಣೆಯಲ್ಲಿ ಎರಡು ಸಲ ತೋರಿಸಬೇಕಾಯಿತು. ನಿಮ್ಮ ವರ್ಗದ ನಿಯಮ ಬೇರೆಯೇ ಇರಬಹುದು. ಆ ವರ್ಷದ ತಾಂತ್ರಿಕ ನಿಯಮ, ಆ ಸ್ಪರ್ಧೆಯ ಪೂರಕ ನಿಯಮ, ಎರಡನ್ನೂ ಓದಿ.

ಸ್ಟಾಕ್ ಕಾರಿಗೂ ಗಾಳಿಗೂ ಇರುವ ನಂಟು ಮೊದಲಿನಿಂದಲೂ ನಿಯಮದ ಸಾಲುಗಳೊಳಗೇ ಬೆಳೆದದ್ದು. 1969ರಲ್ಲಿ ಡಾಜ್ ಕಂಪನಿ ಅಮೆರಿಕದ ಸ್ಟಾಕ್ ಕಾರ್ ರೇಸಿಗಾಗಿ ಚಾರ್ಜರ್ ಡೇಟೋನಾ ಎಂಬ ಕಾರಿಗೆ ಚೂಪು ಮೂತಿ, ಹಿಂದೆ 23 ಇಂಚು ಎತ್ತರದ ರೆಕ್ಕೆ ಕೊಟ್ಟಿತು. ರೇಸಿಗೆ ಇಳಿಯಬೇಕಾದರೆ ಅದೇ ಆಕಾರದ 500 ಕಾರು ಮಾರಾಟಕ್ಕೆ ಇರಬೇಕು ಎಂಬ ನಿಯಮ ಇದ್ದುದರಿಂದ ಅಷ್ಟನ್ನು ಕಟ್ಟಬೇಕಾಯಿತು. 1970ರ ಮಾರ್ಚ್‌ನಲ್ಲಿ ಆ ಕಾರು ಟ್ಯಾಲಡೇಗಾ ಟ್ರ್ಯಾಕಿನಲ್ಲಿ ಗಂಟೆಗೆ 200 ಮೈಲಿ ದಾಟಿತು. ಕಾರ್ಖಾನೆಗೆ ಹೊಸ ಆಕಾರವನ್ನೇ ಮಾರಿ ನಿಯಮ ಪೂರೈಸುವ ಶಕ್ತಿ ಇತ್ತು. ಗ್ಯಾರೇಜಿನವರಿಗೆ ಉಳಿಯುವುದು ಇದ್ದ ಆಕಾರದ ಸಂದುಗಳು, ತಳ ಮತ್ತು ಅಂಚು ಮಾತ್ರ. ಅಷ್ಟರಲ್ಲೇ ಕೆಲಸ ಬೇಕಾದಷ್ಟಿದೆ.

ಕಾಗದದ ವಿಷಯ ಇಲ್ಲೇ ಮುಗಿಸಿಬಿಡುತ್ತೇವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಮಾಡಿದೆ. ಹಾಗಾಗಿ ಈ ಕಾರು ಸಾರ್ವಜನಿಕ ರಸ್ತೆಗೆ ಇಳಿಯುವುದಿಲ್ಲ. ಎಲ್ಲಿಗೆ ಹೋದರೂ ಕ್ಯಾರಿಯರ್ ಲಾರಿಯ ಮೇಲೆ. ಚಾಲಕರಿಗೆ ದೇಶದ ಮೋಟಾರ್ ಕ್ರೀಡೆಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು, ಅದಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಒಂದು ತಿಂಗಳ ಮುಂಚೆಯೇ ಅರ್ಜಿ ಹಾಕಿಬಿಡಿ.

ಅಳತೆಯಿಲ್ಲದೆ ಕತ್ತರಿಸಬೇಡಿ

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಯಾವ ಭಾಗ ಕೂರಿಸಿದರೂ ಕಾರು ಚುರುಕಾದ ಹಾಗೆ ಅನ್ನಿಸುತ್ತದೆ. ಆ ಅನಿಸಿಕೆಯನ್ನು ನಂಬದಿರಲು ಒಂದೇ ದಾರಿ ಕೋಸ್ಟ್‌ಡೌನ್. ಕಾರನ್ನು ಗಂಟೆಗೆ 115 ಕಿ.ಮೀ.ಗೆ ಏರಿಸಿ, ನ್ಯೂಟ್ರಲ್ ಹಾಕಿ, ಬ್ರೇಕ್ ಮುಟ್ಟದೆ ಬಿಡುವುದು. 110ರಿಂದ 90ಕ್ಕೆ ಇಳಿಯಲು ಎಷ್ಟು ಸೆಕೆಂಡು ಬೇಕಾಯಿತು ಎಂದು ನೋಡುವುದು. ಹೆಚ್ಚು ಹೊತ್ತು ಹಿಡಿದರೆ ತಡೆ ಕಡಿಮೆ ಎಂದು ಅರ್ಥ. ಇಗ್ನಿಷನ್ ಮಾತ್ರ ಯಾವ ಕಾರಣಕ್ಕೂ ಆರಿಸಬೇಡಿ. ಸ್ಟೀರಿಂಗ್ ಲಾಕ್ ಆಗುವ ಅಪಾಯವಿದೆ, ಬ್ರೇಕಿನ ಬೂಸ್ಟರೂ ಸೋಲುತ್ತದೆ.

ಇದಕ್ಕೆ ಕನಿಷ್ಠ 750 ಮೀಟರ್ ನೇರ ರಸ್ತೆ ಬೇಕು, ಅದರಾಚೆ ನಿಲ್ಲಿಸಲು ಜಾಗ ಬೇಕು. ಚಿಕ್ಕಮಗಳೂರಿನ ಸುತ್ತ ತಿರುವಿಲ್ಲದ ರಸ್ತೆ ಎಲ್ಲಿದೆ? ಹಾಸನದ ಕಡೆ ಒಂದು ಖಾಸಗಿ ಜಾಗದೊಳಗೆ 1.1 ಕಿ.ಮೀ. ನೇರ ಡಾಂಬರು ಸಿಕ್ಕಿತು. ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಎರಡೂ ತುದಿಗೆ ಜನ ನಿಲ್ಲಿಸಿ, ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಡಿಸೆಂಬರ್‌ನಲ್ಲಿ ಶುರುಮಾಡಿದೆವು. ಅಷ್ಟು ತಡವಾದದ್ದಕ್ಕೆ ಕಾರಣ ಮಳೆ, ಅದರ ಹಿಂದೆಯೇ ಬಂದ ಕಾಫಿ ಕೊಯ್ಲು. ನವೆಂಬರ್ ಬಂತೆಂದರೆ ನಮ್ಮ ಕಡೆ ವೆಲ್ಡರ್‌ಗಳೆಲ್ಲ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿಯಲ್ಲಿ, ಬಾಡಿಗೆ ವಾಹನಗಳೆಲ್ಲ ತೋಟದಲ್ಲಿ. ವೆಲ್ಡಿಂಗ್ ಕೆಲಸವೇನಿದ್ದರೂ ಅಕ್ಟೋಬರ್ ಒಳಗೆ ಮುಗಿಸಿಕೊಳ್ಳಿ.

ಅಳತೆಗೆ ಬೆಳಗಿನ ಜಾವವೇ ಆಗಬೇಕು. ಎದುರುಗಾಳಿ ಗಂಟೆಗೆ ಐದೇ ಕಿ.ಮೀ. ಇದ್ದರೂ 100ರ ವೇಗದಲ್ಲಿ ತಡೆ ಶೇ. 10 ಏರುತ್ತದೆ. ನಾವು ಹುಡುಕುತ್ತಿದ್ದ ಬದಲಾವಣೆಯೇ ಅಷ್ಟಿಲ್ಲ. ಇಳಿಜಾರಿನದ್ದು ಇನ್ನೂ ದೊಡ್ಡ ಮೋಸ: ನೂರಕ್ಕೆ ಒಂದರಷ್ಟು ಇಳಿಜಾರಿದ್ದರೆ ಈ ತೂಕದ ಕಾರಿಗೆ 96 ನ್ಯೂಟನ್, ಅಂದರೆ ಸುಮಾರು 10 ಕೆಜಿ ಭಾರದಷ್ಟು, ತಳ್ಳು ಸಿಗುತ್ತದೆ. ಆದ್ದರಿಂದ ಪ್ರತಿಸಲ ಎರಡೂ ದಿಕ್ಕಿಗೆ ನಾಲ್ಕು ನಾಲ್ಕು ಓಟ, ಒಂದೇ ಗುರುತಿನಿಂದ. ಟೈರು 10 ಕಿ.ಮೀ. ಓಡಿಸಿ ಬಿಸಿಮಾಡಿ ಗಾಳಿ ಸಮ ಮಾಡಿದ ಮೇಲೆಯೇ ಗಡಿಯಾರ. ಫೋನಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಮಾತ್ರ ಓದುತ್ತದೆ, ಅದು ಸಾಲದು. ಸೆಕೆಂಡಿಗೆ 10 ಸಲ ಓದಿ ವೇಗ ದಾಖಲಿಸುವ ಜಿಪಿಎಸ್ ಲಾಗರ್ ತನ್ನಿ.

ಮೂಲ ಸ್ಥಿತಿಯ ಎಂಟು ಓಟದ ಸರಾಸರಿ 14.2 ಸೆಕೆಂಡು. ಕೆಳವೇಗದಲ್ಲಿ, 40ರಿಂದ 30ಕ್ಕೆ ಇಳಿಯಲು 17.8 ಸೆಕೆಂಡು. ಈ ಎರಡು ಅಂಕಿ ಸೇರಿಸಿ ಲೆಕ್ಕ ಬಿಡಿಸಿದರೆ ಟೈರು ಮತ್ತು ಬೇರಿಂಗಿನ ತಡೆ ಸುಮಾರು 125 ನ್ಯೂಟನ್, 100ರ ವೇಗದಲ್ಲಿ ಗಾಳಿಯ ತಡೆ ಸುಮಾರು 270 ನ್ಯೂಟನ್. ಅದೇ ಲೆಕ್ಕ 140ಕ್ಕೆ ಏರಿಸಿದರೆ ಗಾಳಿಯನ್ನು ಸೀಳಲಿಕ್ಕೇ 28 ಅಶ್ವಶಕ್ತಿ ಹೋಗುತ್ತದೆ. ಇಂಜಿನ್ನಿನ ಮೂರನೇ ಒಂದು ಪಾಲು!

ಒಂದೇ ರೀತಿ ಮಾಡಿದರೂ ಓಟದಿಂದ ಓಟಕ್ಕೆ 0.3 ಸೆಕೆಂಡು ವ್ಯತ್ಯಾಸ ಬರುತ್ತಿತ್ತು. ಒಂದೇ ಓಟ ನೋಡಿ ತೀರ್ಮಾನ ಮಾಡಿದ್ದರೆ ಅರ್ಧ ತೀರ್ಮಾನ ತಪ್ಪಾಗುತ್ತಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬೆಳಗ್ಗೆ ಹಿಂದಿನ ಸಲದ ಸ್ಥಿತಿಯನ್ನೇ ಮೊದಲು ಓಡಿಸಿ, ಆಮೇಲೆ ಹೊಸದು.

ಉಣ್ಣೆ ದಾರದ ಪರೀಕ್ಷೆಯೂ ಇದೇ ದಿನಗಳಲ್ಲಿ ನಡೆಯಿತು. 8 ಸೆಂ.ಮೀ. ಉದ್ದದ ತುಂಡುಗಳನ್ನು 10 ಸೆಂ.ಮೀ.ಗೆ ಒಂದರಂತೆ ಹಿಂದಿನ ಗಾಜು, ಡಿಕ್ಕಿ, ಕನ್ನಡಿಯ ಹಿಂಭಾಗಕ್ಕೆ ಟೇಪಿನಲ್ಲಿ ಅಂಟಿಸಿ, ಪಕ್ಕದ ಕಾರಿನಿಂದ ವಿಡಿಯೊ ತೆಗೆಯುವುದು. ಮೊದಲ ದಿನ ಅರ್ಧ ದಾರ ರಸ್ತೆಪಾಲು. ಇಬ್ಬನಿ ಕೂತ ಬಣ್ಣಕ್ಕೆ ಟೇಪು ಹಿಡಿಯುವುದಿಲ್ಲ. ಹಿಂದಿನ ಸಂಜೆಯೇ ಶೆಡ್ಡಿನಲ್ಲಿ ಅಂಟಿಸಿ ಟಾರ್ಪಾಲು ಹೊದಿಸಿ ತನ್ನಿ. ಎರಡನೇ ದಿನದ ವಿಡಿಯೊದಲ್ಲಿ ವಿಷಯ ನಿಚ್ಚಳವಾಯಿತು. ಚಾವಣಿಯ ಮೇಲೆ ದಾರ ಹಿಂದಕ್ಕೆ ನೆಟ್ಟಗೆ ಮಲಗಿತ್ತು, ಗಾಜಿನ ಅರ್ಧಕ್ಕೆ ಬರುವಾಗ ನಡುಗತೊಡಗಿತ್ತು, ಡಿಕ್ಕಿಯ ಮೇಲೆ ಕೆಲವು ಮುಂದಕ್ಕೇ ತಿರುಗಿದ್ದವು. ಗಾಳಿ ಗಾಜಿನ ಮಧ್ಯದಲ್ಲೇ ಬಾಡಿಯನ್ನು ಬಿಟ್ಟು ಮೇಲೆ ಹೋಗಿ, ಡಿಕ್ಕಿಯ ಮೇಲೆ ಸುಳಿ ಸುತ್ತುತ್ತಿದೆ ಎಂದು ಅದರರ್ಥ. ಈ ಮಾತು ನೆನಪಿರಲಿ, ಡಿಕ್ಕಿಯ ಅಂಚಿನ ಪಟ್ಟಿಯ, ಅಂದರೆ ಸ್ಪಾಯ್ಲರಿನ, ವಿಷಯ ಬಂದಾಗ ಬೇಕಾಗುತ್ತದೆ.

ರೇಡಿಯೇಟರ್: ಅಗ್ಗದ ಕೆಲಸ, ಹೆಚ್ಚು ಫಲ

ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಗ್ರಿಲ್ ಹೊಕ್ಕ ಗಾಳಿ ಎಲ್ಲವೂ ರೇಡಿಯೇಟರ್ ಮೂಲಕ ಹೋಗುವುದಿಲ್ಲ. ಪಕ್ಕದ ಸಂದು, ಮೇಲಿನ ಪಟ್ಟಿಯ ಸಂದುಗಳಿಂದ ನುಸುಳಿ ಇಂಜಿನ್ ಕೋಣೆಯಲ್ಲಿ ಕಲಸಿಕೊಂಡು ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಒಂದು ಮಿಮೀ ಅಲ್ಯೂಮಿನಿಯಂ ತಗಡು ಬಗ್ಗಿಸಿ ಗ್ರಿಲ್‌ನಿಂದ ರೇಡಿಯೇಟರ್ ಅಂಚಿನವರೆಗೆ ನಾಲ್ಕೂ ಕಡೆ ಗೋಡೆ ಕಟ್ಟಿದೆವು. ತಗಡು ರೇಡಿಯೇಟರನ್ನು ಮುಟ್ಟಬಾರದು. ಅದುರಿ ಅದುರಿ ಅದರ ತೆಳು ಪಟ್ಟಿಗಳನ್ನು, ಫಿನ್ನುಗಳನ್ನು, ಕೊರೆದುಬಿಡುತ್ತದೆ. 10 ಮಿಮೀ ಫೋಮ್ ಪಟ್ಟಿ ನಡುವೆ ಇಡಿ.

ಅಳೆಯಲು ಗಾರೆ ಕೆಲಸದವರ ಲೆವೆಲ್ ಪೈಪು ಸಾಕು. ಇಂಕು ಬೆರೆಸಿದ ನೀರು ತುಂಬಿ ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಒಂದು ತುದಿ ರೇಡಿಯೇಟರ್ ಮುಂದೆ, ಇನ್ನೊಂದು ತುದಿ ಹಿಂದೆ. ಗಂಟೆಗೆ 100 ಕಿ.ಮೀ.ನಲ್ಲಿ ಎದುರು ಗಾಳಿಯ ಪೂರ್ತಿ ಒತ್ತಡವೇ ಸುಮಾರು 43 ಮಿಮೀ ನೀರು. ಗೋಡೆ ಕಟ್ಟುವ ಮುಂಚೆ ಎರಡು ಕೊಳವೆಗಳ ವ್ಯತ್ಯಾಸ 12 ಮಿಮೀ ಇತ್ತು, ಕಟ್ಟಿದ ಮೇಲೆ 21. ರೇಡಿಯೇಟರ್ ಮೂಲಕ ಹೆಚ್ಚು ಗಾಳಿ ಹೋಗುತ್ತಿರುವುದರಿಂದ ಗ್ರಿಲ್‌ನ ಮೂರನೇ ಒಂದು ಭಾಗವನ್ನು ಟೇಪಿನಿಂದ ಮುಚ್ಚಿದೆವು. ನೀರಿನ ಉಷ್ಣತೆ 88 ಡಿಗ್ರಿ ದಾಟಲಿಲ್ಲ. ಹೆಡ್‌ಲೈಟ್, ಬಾನೆಟ್ ಸುತ್ತಲಿನ ಸಂದಿಗೂ ಟೇಪು ಹಾಕಿದ ಮೇಲೆ ಕೋಸ್ಟ್‌ಡೌನ್ 14.5.

ಇಲ್ಲಿ ಹಲವರು ಮಾಡುವ ಒಂದು ತಪ್ಪು ಹೇಳಲೇಬೇಕು. ಬಿಸಿಗಾಳಿ ಹೊರಗೆ ಹೋಗಲಿ ಎಂದು ಬಾನೆಟ್‌ನ ಹಿಂದಿನ ಅಂಚಿಗೆ ವಾಷರ್ ಕೊಟ್ಟು ಎತ್ತುತ್ತಾರೆ. ಮುಂಗಾಜಿನ ಬುಡದಲ್ಲಿ ಗಾಳಿ ಬಂದು ಒತ್ತುವುದರಿಂದ ಅಲ್ಲಿ ಒತ್ತಡ ಹೆಚ್ಚು. ಓಡುವಾಗ ಗಾಳಿ ಅಲ್ಲಿಂದ ಹೊರಗೆ ಬರುವ ಬದಲು ಒಳಗೆ ನುಗ್ಗುತ್ತದೆ. ಲೆವೆಲ್ ಪೈಪು ಇಟ್ಟು ನೋಡಿದರೆ ನಿಮಗೇ ಕಾಣುತ್ತದೆ.

ಮೂತಿ ಮತ್ತು ತಳ

ಮುಂದಿನ ಬಂಪರಿನ ಕೆಳಗಿನಿಂದ ಗಾಳಿ ನುಗ್ಗದ ಹಾಗೆ ತಡೆಯುವ ಪಟ್ಟಿಗೆ ಏರ್ ಡ್ಯಾಮ್ ಎನ್ನುತ್ತಾರೆ. ನೆಲಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು, ಆದರೆ ಟ್ರ್ಯಾಕಿನ ಅಂಚಿನ ಕಟ್ಟೆ, ಅಂದರೆ ಕರ್ಬ್, ಹತ್ತಿದಾಗ ಒಡೆಯಬಾರದು. ಫೈಬರ್ ಒಡೆಯಿತು, ತಗಡು ಮಡಚಿತು. ಕೊನೆಗೆ ಕೈ ಹಿಡಿದದ್ದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬದಲಿಸಿ ಎಸೆದಿದ್ದ ಕನ್ವೇಯರ್ ಬೆಲ್ಟ್. 6 ಮಿಮೀ ದಪ್ಪ, ಒಳಗೆ ಬಟ್ಟೆಯ ಪದರ, ಎಷ್ಟು ಸಲ ಉಜ್ಜಿದರೂ ಹರಿಯುವುದಿಲ್ಲ. ಅದನ್ನು ನೆಲದಿಂದ 55 ಮಿಮೀ ಎತ್ತರಕ್ಕೆ ಕಟ್ಟಿದೆವು. ಮೊದಲ ಸಲ ಆಧಾರದಿಂದ 70 ಮಿಮೀ ಕೆಳಗೆ ಇಳಿಬಿಟ್ಟಿದ್ದೆವು. ಕ್ಯಾಮೆರಾದಲ್ಲಿ ನೋಡಿದರೆ 100 ದಾಟುತ್ತಲೇ ಹಿಂದಕ್ಕೆ ಮಡಚಿ ಮಲಗುತ್ತಿತ್ತು. ಇಳಿಬಿಡುವುದು 40 ಮಿಮೀ ಮೀರಬಾರದು, 150 ಮಿಮೀಗೆ ಒಂದರಂತೆ ಆಂಗಲ್ ಪಟ್ಟಿ ಬೇಕು.

ಬಂಪರಿನ ಮೂಲೆಗಳ ವಕ್ರಕ್ಕೆ ಫೈಬರ್ ತುಂಡುಗಳು ಬೇಕಾದವು. ಪಾಲಿಯೆಸ್ಟರ್ ರೆಸಿನ್, ಚದರ ಮೀಟರಿಗೆ 450 ಗ್ರಾಂ ತೂಗುವ ಗಾಜಿನ ನಾರಿನ ಮ್ಯಾಟು ಮೂರು ಪದರ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್. ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಬಳಿದದ್ದು ಮಾರನೇ ದಿನವೂ ಅಂಟಂಟು. 15 ಡಿಗ್ರಿಗಿಂತ ಕೆಳಗೆ ಈ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಗಟ್ಟಿಕಾರಕ ಶೇ. 2 ಇರಲಿ, ಚಳಿ ಎಂದು ಸುರಿಯುತ್ತಾ ಹೋಗಬೇಡಿ, ಬಿರುಕು ಬಿಡುತ್ತದೆ. ಹನ್ನೊಂದರಿಂದ ಮೂರು ಗಂಟೆಯೊಳಗೆ ಬಳಿದು, ಅಚ್ಚಿನ ಬಳಿ 200 ವ್ಯಾಟ್ ಬಲ್ಬು ಎರಡು ಇಟ್ಟರೆ ಸಂಜೆಗೆ ಬಿಡಿಸಬಹುದು. ಬಹಳ ಮುಖ್ಯವಾದ ಎಚ್ಚರಿಕೆ ಒಂದಿದೆ: ಎಂಇಕೆಪಿ ಗಟ್ಟಿಕಾರಕವನ್ನೂ ಕೋಬಾಲ್ಟ್ ವೇಗವರ್ಧಕವನ್ನೂ ನೇರವಾಗಿ ಒಂದರಲ್ಲೊಂದು ಬೆರೆಸಲೇಬಾರದು, ಸ್ಫೋಟಿಸುತ್ತದೆ. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಎರಡು ಡಬ್ಬಿಗಳನ್ನೂ ಬೇರೆ ಬೇರೆ ಕಪಾಟಿನಲ್ಲಿಡಿ.

ಡ್ಯಾಮಿನ ಬುಡದಿಂದ ಹಿಂದಕ್ಕೆ, ಚಾಸಿಯ ಅಡ್ಡತೊಲೆಯಾದ ಮುಂದಿನ ಕ್ರಾಸ್ ಮೆಂಬರ್‌ವರೆಗೆ, 9 ಮಿಮೀ ಮರೀನ್ ಪ್ಲೈವುಡ್. 1.4 ಮೀಟರ್ ಅಗಲ, 35 ಸೆಂ.ಮೀ. ಆಳ. ಇದರ ಕೆಳಗೆ ಗಾಳಿ ವೇಗವಾಗಿ ಹರಿದು ಒತ್ತಡ ಕುಸಿಯುವುದರಿಂದ ಹಲಗೆ ಕೆಳಕ್ಕೆ ಎಳೆಯಲ್ಪಡುತ್ತದೆ. 140ರಲ್ಲಿ ಸುಮಾರು 20 ಕೆಜಿ ಎಂದು ಲೆಕ್ಕ ಬಂತು. ಗುಂಡಿ, ಕರ್ಬಿನ ಕುಲುಕಾಟಕ್ಕೆ ಅದರ ಎರಡೂವರೆ ಪಟ್ಟು ಹಿಡಿದು, ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಲಗೆಯ ಮುಂದಂಚಿಗೆ 50 ಕೆಜಿಯ ಕಾಫಿ ಮೂಟೆ ತೂಗುಹಾಕಿದೆವು. ಬಂಪರಿಗೆ ಕೊಟ್ಟಿದ್ದ ಆಧಾರ ಕಿತ್ತು ಬಂತು. ಶೆಡ್ಡಿನಲ್ಲೇ ಕಿತ್ತುಬಂದದ್ದು ಪುಣ್ಯ. ಬಂಪರ್ ಪ್ಲಾಸ್ಟಿಕ್ಕು, ಅದಕ್ಕೆ ಯಾವ ಭಾರವನ್ನೂ ಕೊಡಬೇಡಿ. ಆಧಾರ ಚಾಸಿಗೆ, ಕ್ರಾಸ್ ಮೆಂಬರಿಗೆ ಇರಲಿ. ಪ್ಲೈವುಡ್‌ನ ಅಂಚಿಗೆ ಮೂರು ಕೋಟು ಎಪಾಕ್ಸಿ ಬಳಿಯದಿದ್ದರೆ ನಮ್ಮ ಮಳೆಗೆ ಊದಿ ಪದರ ಬಿಡುತ್ತದೆ. ಇಷ್ಟಾದ ಮೇಲೆ ಕೋಸ್ಟ್‌ಡೌನ್ 14.8.

ತಳಕ್ಕೆ ಮೂರು ಮಿಮೀ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಹಾಳೆ, ಅಂಗಡಿ ಮುಂಗಟ್ಟುಗಳಿಗೆ ಹೊಡೆಯುತ್ತಾರಲ್ಲ, ಅದು. ಹಗುರ, ಚಪ್ಪಟೆ, ಕತ್ತರಿಸಲು ಸುಲಭ. ಹಾಳೆಗಳನ್ನು ಮಂಗಳೂರು ಹಂಚು ಹೊದಿಸಿದ ಹಾಗೆ ಜೋಡಿಸಬೇಕು: ಮುಂದಿನ ಹಾಳೆಯ ಹಿಂದಂಚು ರಸ್ತೆಯ ಕಡೆಗೆ ಇದ್ದು, ಹಿಂದಿನ ಹಾಳೆಯ ಮುಂದಂಚು ಅದರೊಳಗೆ ಅಡಗಿರಬೇಕು. ತಿರುಗಾಮುರುಗಾ ಆದರೆ ಗಾಳಿ ಅಂಚಿಗೆ ಉಗುರು ಹಾಕಿ ಕಿತ್ತುಬಿಡುತ್ತದೆ. ತಗಡಿನ ತೂತಿನಲ್ಲೇ ಕಚ್ಚಿ ಕೂರುವ ನಟ್ಟು, ಆರು ಮಿಮೀ ರಿವ್‌ನಟ್, ಅಗಲ ವಾಷರ್, 20 ಸೆಂ.ಮೀ.ಗೆ ಒಂದು. ಆಯಿಲ್ ಬಿಡುವ ಬೋಲ್ಟಿನ ಕೆಳಗೆ ಬಾಗಿಲು. ತಗ್ಗಿನ ಜಾಗಗಳಲ್ಲೆಲ್ಲ 10 ಮಿಮೀ ತೂತು, ಯಾಕೆಂದರೆ ಪೆಟ್ರೋಲು ಸೋರಿದರೆ ಈ ತಟ್ಟೆಯಲ್ಲೇ ನಿಲ್ಲುತ್ತದೆ.

ಇದರಲ್ಲೇ ನಮಗೆ ದೊಡ್ಡ ಹೆದರಿಕೆಯೂ ಆಯಿತು. ಎಸಿಪಿಯ ಎರಡು ತೆಳು ತಗಡಿನ ನಡುವೆ ಇರುವುದು ಪಾಲಿಥಿನ್. ಸೈಲೆನ್ಸರ್ ಪೈಪಿನಿಂದ 30 ಮಿಮೀ ದೂರ ಇಟ್ಟಿದ್ದೆವು. ಹನ್ನೆರಡು ನಿಮಿಷ ಬಿಡದೆ ಓಡಿಸಿ ನಿಲ್ಲಿಸಿದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಹಾಳೆ ಬಗ್ಗಿ ಒಳಗಿನದು ಕರಗಿ ತೊಟ್ಟಿಕ್ಕುತ್ತಿತ್ತು. ಇನ್ನೈದು ನಿಮಿಷ ಓಡಿಸಿದ್ದರೆ ಹೊತ್ತಿಕೊಳ್ಳುತ್ತಿತ್ತು. ಅವತ್ತೇ ಪೈಪಿನ ಉದ್ದಕ್ಕೂ 20 ಸೆಂ.ಮೀ. ಅಗಲ ಎಸಿಪಿ ಕತ್ತರಿಸಿ ತೆಗೆದು, ಆ ಓಣಿಯನ್ನು ತೆರೆದೇ ಬಿಟ್ಟೆವು. ಅದರ ಎರಡು ಬದಿಗೆ ಒಂದು ಮಿಮೀ ಅಲ್ಯೂಮಿನಿಯಂ. ಎಸಿಪಿ ಬಳಸುವವರು ಎಕ್ಸಾಸ್ಟ್ ಹತ್ತಿರ ಅದನ್ನು ತರಲೇಬೇಡಿ.

ತಳ ಮುಗಿದ ಮೇಲೆ ತೂಕ 14 ಕೆಜಿ ಏರಿತು, ಕೋಸ್ಟ್‌ಡೌನ್ 15.2ಕ್ಕೆ ಬಂತು. ತೂಕ ಏರಿದ್ದಕ್ಕೇ ಸಮಯ 0.2 ಸೆಕೆಂಡಿನಷ್ಟು ಹಿಗ್ಗುತ್ತದೆ, ಅದನ್ನು ಕಳೆದು ನೋಡಬೇಕು. ಆ ಬೆಳಗ್ಗೆ ಆದ ಸಂತೋಷ ದೊಡ್ಡದು.

ನೇರ ರಸ್ತೆ ಹೇಳದ ಮಾತು

ಡಿಕ್ಕಿಯ ಅಂಚಿಗೆ 25 ಮಿಮೀ ಮತ್ತು 60 ಮಿಮೀ ಎತ್ತರದ ಎರಡು ಪಟ್ಟಿ ಮಾಡಿಕೊಂಡಿದ್ದೆವು. 25ರದ್ದನ್ನು ಕೂರಿಸಿದಾಗ 15.2 ಹಾಗೇ ಉಳಿಯಿತು, 60ರದ್ದಕ್ಕೆ 15.0 ಆಯಿತು. ತಡೆ ಹೆಚ್ಚಿಸದ ಪಟ್ಟಿಯೇ ಲೇಸು ಎಂದು 25 ಮಿಮೀ ಕೂರಿಸಿ, 60ನ್ನು ಪೆಟ್ಟಿಗೆಗೆ ಹಾಕಿದೆವು. ಅದು ತಪ್ಪು. ಚಕ್ರದ ಕಮಾನಿಗೆ ಅಳತೆಪಟ್ಟಿ ಅಂಟಿಸಿ ಕ್ಯಾಮೆರಾ ಇಟ್ಟು ನೋಡಿದ್ದ ಅಂಕಿಗಳು ಕಣ್ಣೆದುರಿಗೇ ಇದ್ದವು: ಗಂಟೆಗೆ 120ರಲ್ಲಿ ಮೂತಿ ಮೊದಲು 6 ಮಿಮೀ ಏಳುತ್ತಿತ್ತು, ಈಗ 3. ಹಿಂಭಾಗ ಮೊದಲೂ 5, ಈಗಲೂ 5. ಅಂದರೆ ಮುಂದಿನ ಟೈರುಗಳಿಗೆ ಸುಮಾರು 18 ಕೆಜಿ ಒತ್ತು ಸಿಕ್ಕಿತ್ತು, ಹಿಂದಿನವಕ್ಕೆ ಏನೂ ಇಲ್ಲ.

ಮಾರ್ಚ್ ಎರಡನೇ ವಾರ ಹೊರಟೆವು. ಹಾಸನ, ಮೈಸೂರು, ಚಾಮರಾಜನಗರ, ಸತ್ಯಮಂಗಲದ ದಾರಿ. ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಲಾರಿ ಸಂಜೆ ಆರರೊಳಗೆ ಘಾಟಿ ಇಳಿಯುವ ಹಾಗೆ ಬೆಳಗ್ಗೆಯೇ ಬಿಡಬೇಕು. ನಮ್ಮದು ತಡವಾಗಿ ಚಾಮರಾಜನಗರದಲ್ಲೇ ರಾತ್ರಿ ಕಳೆಯಿತು, ಅಭ್ಯಾಸದ ಅರ್ಧ ದಿನ ಕೈಬಿಟ್ಟಿತು.

ತಪಾಸಣೆಯಲ್ಲಿ ಮೊದಲ ಪ್ರಶ್ನೆಯೇ, "ಮುಂದಿನ ಟೋ ಹುಕ್ ಎಲ್ಲಿ ಸಾರ್?" ಏರ್ ಡ್ಯಾಮಿನ ಹಿಂದೆ ಮುಚ್ಚಿಹೋಗಿತ್ತು. ಕೆಟ್ಟು ನಿಂತ ಕಾರನ್ನು ಎಳೆಯಲು ಬರುವವರಿಗೆ ಕೊಕ್ಕೆ ದೂರದಿಂದಲೇ ಕಾಣಬೇಕು, ಕೆಂಪು, ಹಳದಿ ಅಥವಾ ಕಿತ್ತಳೆ ಬಣ್ಣದ್ದಿರಬೇಕು. ಅಲ್ಲೇ ಬೆಲ್ಟ್ ಕೊಯ್ದು ದಾರಿ ಮಾಡಿದೆವು. ಪ್ಲೈವುಡ್‌ನ ಮುಂದಂಚನ್ನು ಕೈಯಲ್ಲಿ ಸವರಿ ನೋಡಿದರು; 15 ಮಿಮೀ ಗುಂಡಗೆ ಮಾಡಿದ್ದರಿಂದ ಅದು ಪಾಸಾಯಿತು.

ಬಿಸಿಲಿಗೆ ಬಂದ ಮೇಲೆ ಗ್ರಿಲ್‌ನ ಸರದಿ. ಹೊರಗೆ 36 ಡಿಗ್ರಿ. ಆರನೇ ಲ್ಯಾಪಿಗೆ ನೀರಿನ ಮುಳ್ಳು 104. ಹಾಸನದ ಬೆಳಗ್ಗೆ 15 ಡಿಗ್ರಿಯಲ್ಲಿ ಸರಿಕಂಡ ಟೇಪು ಇಲ್ಲಿ ಇಂಜಿನ್ನನ್ನು ಬೇಯಿಸುತ್ತಿತ್ತು. ಬೆಟ್ಟದ ಗಾಳಿ ತೆಳು, ಬಯಲಿನ ಗಾಳಿ ದಟ್ಟ, ಹಾಗಾಗಿ ಅಲ್ಲಿ ಅಳೆದ ತಡೆ ಇಲ್ಲಿ ಬದಲಾಗುತ್ತದೆ ಎಂದು ನಾವು ಎಣಿಸಿದ್ದೆವು. ಲೆಕ್ಕ ಹಾಕಿದರೆ ಹಾಸನದ 15 ಡಿಗ್ರಿ ಗಾಳಿಯೂ ಕೊಯಮತ್ತೂರಿನ 36 ಡಿಗ್ರಿ ಗಾಳಿಯೂ ಘನಮೀಟರಿಗೆ 1.09 ಕೆಜಿಯ ಹತ್ತಿರವೇ. ಎತ್ತರ ಕಳೆದದ್ದನ್ನು ಚಳಿ ತುಂಬಿಕೊಟ್ಟಿತ್ತು. ತಡೆಯ ಅಳತೆ ಸರಿಯಾಗೇ ಇತ್ತು. ಕೈಕೊಟ್ಟದ್ದು ತಂಪು. 88 ಡಿಗ್ರಿಯ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರ 73 ಡಿಗ್ರಿಯಿಂದ 52ಕ್ಕೆ ಇಳಿದರೆ ಅದೇ ರೇಡಿಯೇಟರ್ ಹೊರಹಾಕುವ ಶಾಖವೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಟೇಪು ಪೂರ್ತಿ ಕಿತ್ತ ಮೇಲೆ 96ಕ್ಕೆ ನಿಂತಿತು.

ವೇಗದ ತಿರುವಿನಲ್ಲಿ ಕಾರಿನ ಹಿಂಭಾಗ ಜಾರುತ್ತಿತ್ತು. 110 ದಾಟಿದರೆ ಆಕ್ಸಿಲರೇಟರ್ ಬಿಡಲೂ ಹೆದರಿಕೆ, ಒತ್ತಲೂ ಹೆದರಿಕೆ ಎಂದು ಚಾಲಕರು ಒಳಗೆ ಬಂದರು. ಆಗ 60 ಮಿಮೀ ಪಟ್ಟಿ ಪೆಟ್ಟಿಗೆಯಿಂದ ಹೊರಬಂತು. ಡಿಕ್ಕಿಯ ಮೇಲೆ ಗಾಳಿ ಸುಳಿ ಸುತ್ತುತ್ತದೆ ಎಂದು ದಾರಗಳು ಡಿಸೆಂಬರ್‌ನಲ್ಲೇ ಹೇಳಿದ್ದವು. 25 ಮಿಮೀ ಪಟ್ಟಿ ಆ ಸುಳಿಯೊಳಗೇ ಮುಳುಗಿರುತ್ತದೆ, ಅದಕ್ಕೆ ತಡೆಯೂ ಇಲ್ಲ, ಒತ್ತೂ ಇಲ್ಲ. ಓಡುವ ಗಾಳಿಯನ್ನು ಮುಟ್ಟಬೇಕಾದರೆ ಎತ್ತರ ಬೇಕು. 60 ಕೂರಿಸಿದ ಮೇಲೆ ಹಿಂಭಾಗ ಏಳುವುದು 5ರಿಂದ 3 ಮಿಮೀಗೆ ಇಳಿಯಿತು, ಸುಮಾರು 9 ಕೆಜಿ ಒತ್ತು. ಮುಂದಿನ ಓಟದಲ್ಲಿ ಚಾಲಕರು ಆ ತಿರುವನ್ನು ಆಕ್ಸಿಲರೇಟರ್ ಬಿಡದೆ ತೆಗೆದುಕೊಂಡರು. ಪಿಟ್ ಗೋಡೆಯ ಬಳಿ ಗಡಿಯಾರ ಹಿಡಿದು ನಿಂತವರ ಕೈ ನಡುಗುತ್ತಿತ್ತು.

ಲ್ಯಾಪಿನಲ್ಲಿ ಒಟ್ಟು ಗಳಿಸಿದ್ದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಬಹುಪಾಲು ಬಂದದ್ದು ತಿರುವುಗಳಿಂದ, ನೇರದಿಂದಲ್ಲ.

ಖರ್ಚು: ಪ್ಲೈವುಡ್ 2,900 ರೂಪಾಯಿ, ಎಸಿಪಿ ಎರಡು ಹಾಳೆ 4,600, ಅಲ್ಯೂಮಿನಿಯಂ 2,800, ಫೈಬರ್ ಸಾಮಾನು 3,400, ರಿವ್‌ನಟ್, ಬೋಲ್ಟು, ಫೋಮು, ಟೇಪು 3,100, ಜಿಪಿಎಸ್ ಲಾಗರ್ 9,500. ಬೆಲ್ಟಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಕ್ಯಾರಿಯರ್ ಲಾರಿಗೆ ಹಾಸನದ ಓಡಾಟ ಆರು ಸಲಕ್ಕೆ 27,000, ಕೊಯಮತ್ತೂರಿಗೆ ಹೋಗಿಬರಲು 34,000. ಸಾಮಾನಿಗಿಂತ ಸಾಗಾಟವೇ ಹೆಚ್ಚು. ಒಂದೇ ಬೆಳಗ್ಗೆ ಎರಡು ಮೂರು ಭಾಗ ಪರೀಕ್ಷಿಸುವ ಹಾಗೆ ಸಿದ್ಧವಾಗಿ ಹೋದರೆ ಹಾಸನದ ಖರ್ಚನ್ನು ಅರ್ಧಕ್ಕೆ ಇಳಿಸಬಹುದು.

ಊರಿಗೆ ಮರಳಿದ ಮೇಲೆ ಹಾಸನದ ಅದೇ ರಸ್ತೆಯಲ್ಲಿ, ಟೇಪಿಲ್ಲದೆ, 60 ಮಿಮೀ ಪಟ್ಟಿಯೊಂದಿಗೆ ಎಂಟು ಓಟ ತೆಗೆದೆವು: 14.8. ಈಗ ಗ್ರಿಲ್‌ಗೆ ಬೋಲ್ಟಿನಲ್ಲಿ ಬಿಚ್ಚಿ ಹಾಕುವ ಮೂರು ತಗಡಿನ ಪಟ್ಟಿ ಮಾಡಿದ್ದೇವೆ. ಪ್ರತಿಯೊಂದರ ಬೆನ್ನಿಗೂ ಹೊರಗಿನ ಉಷ್ಣತೆ ಬರೆದಿದೆ: ಮೊದಲನೆಯದು 30 ಡಿಗ್ರಿ ಒಳಗೆ, ಎರಡನೆಯದು 24ರ ಒಳಗೆ, ಮೂರನೆಯದು 18ರ ಒಳಗೆ.